ಠ ಕಣ್ಣು ಮುಚ್ಚಿದಾಗ

ಪುಣೆಯ ಸದಾಶಿವ ಪೇಠೆಯ ಫ್ಲೆಕ್ಸ್ ಅಂಗಡಿಯೊಂದರಲ್ಲಿ ‘ಉಚಿತ ಕನ್ನಡ ಪಾಠ’ ಎಂಬ ಬ್ಯಾನರ್ ಮಾಡಿಸುತ್ತಿದ್ದೆ. ದೂರಕ್ಕೆ ಎದ್ದು ಕಾಣಲಿ ಅಂದದ್ದೇ ತಡ, ಹುಡುಗ ಅಕ್ಷರಗಳ ಅಂಚಿಗೆ ಕಪ್ಪು ಔಟ್‌ಲೈನ್ ಕೊಟ್ಟು, “ಕಾಕಾ, ಬೋಲ್ಡ್ ಝಾಲಂ” ಎಂದ. ಬೋಲ್ಡ್ ಏನೋ ಆಯಿತು. ಆದರೆ ಪಾಠದ ಠ ನೋಡಿದರೆ ತಲೆಕಟ್ಟಿಗೆ ಬೋಂಡಾ ನೇತುಹಾಕಿದ ಹಾಗಿತ್ತು. ಕೆಕ್ಕರಿಸಿ ನೋಡುವ ಮುಖ (ಠ_ಠ) ಬರೆಯಲು ಇಂಟರ್ನೆಟ್ಟಿನ ಮಂದಿ ದೇಶದೇಶಗಳಲ್ಲಿ ಬಳಸುವ ಅದೇ ಠ, ಇಲ್ಲಿ ಕಣ್ಣು ಮುಚ್ಚಿ ಕೂತಿತ್ತು.

ಲೆಕ್ಕ ಸಣ್ಣದು. ಠ-ದ ಉಂಗುರದ ಒಳವ್ಯಾಸ 20 ಮಿ.ಮೀ., ನಡುವಿನ ಚುಕ್ಕೆ 6 ಮಿ.ಮೀ. ಎಂದುಕೊಳ್ಳಿ, ಚುಕ್ಕೆಯ ಸುತ್ತ 7 ಮಿ.ಮೀ. ಬಿಳಿ ಉಳಿಯುತ್ತದೆ. 6 ಮಿ.ಮೀ. ಔಟ್‌ಲೈನ್ ಕೊಟ್ಟರೆ ಅದು ಅಂಚಿನ ಆಚೆ ಅರ್ಧ, ಈಚೆ ಅರ್ಧ ಹರಡುತ್ತದೆ. ಉಂಗುರ 3 ಒಳಗೆ ಬಂತು, ಚುಕ್ಕೆ 3 ಹೊರಗೆ ಹೋಯಿತು, ಉಳಿದದ್ದು 1. ಒಳ್ಳೆಯ ಕಣ್ಣಿಗೆ ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಸಂದು ಗೊತ್ತಾಗುತ್ತದೆ. ಹಾಗಾಗಿ 7 ಮಿ.ಮೀ. ಬಿಳಿ ಸುಮಾರು 24 ಮೀಟರ್ ದೂರದವರೆಗೆ ಕಂಡೀತು. 1 ಮಿ.ಮೀ. ಬಿಳಿಯ ಆಟ ಮೂರೂವರೆ ಮೀಟರಿಗೇ ಮುಗಿಯಿತು.

ನಿಜವಾದ ದಪ್ಪಕ್ಷರವನ್ನು ಊದಿಸುವುದಿಲ್ಲ, ಹೊಸದಾಗಿ ಬರೆಯುತ್ತಾರೆ. ಮೈ ಹೊರಕ್ಕೆ ಬೆಳೆಯುತ್ತದೆ, ಅಕ್ಷರ ಅಗಲವಾಗುತ್ತದೆ, ಹೊಟ್ಟೆಯೊಳಗಿನ ಬಿಳಿಯನ್ನು ಕಾಪಾಡುತ್ತಾರೆ. ವೃತ್ತ, ನೇರಗೆರೆಗಳಿಂದ ಕಟ್ಟಿದ ಅಕ್ಷರಗಳಲ್ಲಂತೂ ಈ ಕಸರತ್ತು ಇನ್ನೂ ಜಾಸ್ತಿ. ಪೌಲ್ ರೆನ್ನರ್‌ನ ಫ್ಯೂಚುರಾ ಅಕ್ಷರಶೈಲಿ (1927) ಕೈವಾರ ಹಿಡಿದು ಎಳೆದಂತೆ ಕಾಣುತ್ತದೆ. ನಂಬಬೇಡಿ. ಚೌಕದ ಪಕ್ಕ ಅಷ್ಟೇ ಎತ್ತರದ ವೃತ್ತವಿಟ್ಟರೆ ಕಣ್ಣಿಗೆ ಗಿಡ್ಡ. ಅದಕ್ಕೇ ದುಂಡಕ್ಷರವನ್ನು ಮೇಲೆ ಕೆಳಗೆ ಕೂದಲೆಳೆಯಷ್ಟು ಹಿಗ್ಗಿಸುತ್ತಾರೆ. ಅಡ್ಡಗೆರೆ ಅಷ್ಟೇ ದಪ್ಪದ ನೇರಗೆರೆಗಿಂತ ದಪ್ಪ ಕಾಣುವುದರಿಂದ ಅದನ್ನು ತುಸು ಹೆರೆಯುತ್ತಾರೆ. ಎರಡು ಗೆರೆ ಕೂಡುವಲ್ಲಿ ಕಪ್ಪು ಗಡ್ಡೆಕಟ್ಟದಂತೆ ಚೂರು ಕೊರೆಯುತ್ತಾರೆ.

ಕನ್ನಡ ಹುಟ್ಟಾ ದುಂಡು, ಅದಕ್ಕೆ ಇದೆಲ್ಲ ಸಲೀಸು ಅನ್ನಿಸಬಹುದು. ಆದರೆ ಧ-ದ ಹೊಟ್ಟೆ ಸೀಳು ದಪ್ಪದಲ್ಲಿ ಕರಗಿದರೆ ‘ಸಾಧನೆ’ ‘ಸಾದನೆ’ಯಾಗುತ್ತದೆ. ‘ರಾಷ್ಟ್ರ’ದಲ್ಲಿ ಷ-ದ ಕೆಳಗೆ ಎರಡು ಒತ್ತು ಜೋತುಬಿದ್ದು ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ. ಇಂಥ ದಪ್ಪ ಅಕ್ಷರ ಸಿನಿಮಾ ಹೆಸರಿಗೆ, ಅಂಗಡಿ ಬೋರ್ಡಿಗೆ, ಎರಡು ಮೂರು ಪದಗಳಿಗೆ ಸರಿ. ಪುಟಗಟ್ಟಲೆ ಹಾಕಿದರೆ ತಲೆನೋವು.

ಪುಣೆಗೂ ಕನ್ನಡ ಅಕ್ಷರಕ್ಕೂ ಏನು ನಂಟು ಎನ್ನಬೇಡಿ. ನಮ್ಮ ಕಡೆಯ ಎಷ್ಟೋ ಲಗ್ನಪತ್ರಿಕೆಗಳ ಅಕ್ಷರ ಈ ಊರಿನ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ ತಂತ್ರಾಂಶದ್ದು.

ಕೊನೆಗೆ ಬ್ಯಾನರಿನ ಔಟ್‌ಲೈನ್ ತೆಗೆಸಿ, ಮುಂಬೈಯ ಎಕ್ ಟೈಪ್‌ನವರ ದುಂಡು ದಪ್ಪನೆಯ ‘ಬಾಲೂ ತಮ್ಮ’ ಫಾಂಟ್ ಹಾಕಿಸಿದೆ. ಅದು ಪುಕ್ಕಟೆ ಸಿಗುತ್ತದೆ. ಹುಡುಗ ಎದ್ದು ಬಾಗಿಲವರೆಗೆ ಹೋಗಿ ತಿರುಗಿ ನೋಡಿದ. ಅವನಿಗೆ ಕನ್ನಡ ಓದಲು ಬಾರದು. “ಆತಾ ಡೋಳಾ ದಿಸತೋ” ಎಂದ. ಈಗ ಕಣ್ಣು ಕಾಣುತ್ತೆ.