ಕಡಿವಾಣದ ಬಲ ಎಲ್ಲಿದೆ?

ಬೆಲೆಯೇರಿಕೆಗೆ ‘ಕಡಿವಾಣ’ ಹಾಕುವ ಮಾತು ನಿತ್ಯ ಕೇಳಿಬರುತ್ತದೆ. ನಿಜವಾದ ಕಡಿವಾಣದ ಜಾಗ ಕುದುರೆಯ ಬಾಯಿ. ಮುಂದಿನ ಹಲ್ಲುಗಳಿಗೂ ದವಡೆ ಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ತೆರಪಿದೆ. ಲೋಹದ ಸರಳು ಕೂರುವುದು ಅಲ್ಲಿನ ಸೂಕ್ಷ್ಮ ವಸಡು, ನಾಲಗೆಗಳ ಮೇಲೆ.

ಬಲಿಷ್ಠ ಕುದುರೆ ಲಗಾಮಿಗೆ ಬಗ್ಗದಿದ್ದರೆ ಸವಾರ ಬಿರುಸಾದ ಕಡಿವಾಣ ಹುಡುಕುತ್ತಾನೆ. ಸರಳು ತೆಳುವಾದಷ್ಟೂ ಅದರ ಒತ್ತು ತೀಕ್ಷ್ಣ. ಆದರೆ ಬಾಯಿ ನೊಂದ ಕುದುರೆ ನಿಲ್ಲುವ ಬದಲು ನೋವಿಗೇ ಬೆದರಿ ಓಡಬಹುದು.

ಕ್ರಿ.ಪೂ. 4ನೇ ಶತಮಾನದಲ್ಲಿ ಗ್ರೀಕ್ ಲೇಖಕ ಕ್ಸೆನೊಫೋನ್ ಎರಡು ಕಡಿವಾಣಗಳಿರಲಿ ಎಂದ: ಒಂದು ಮುಳ್ಳಿನದು, ಇನ್ನೊಂದು ನುಣುಪಿನದು. ಒರಟಿನದರಲ್ಲಿ ಕಲಿತದ್ದನ್ನು ಕುದುರೆ ನುಣುಪಿನದರಲ್ಲಿ ಒಪ್ಪಿ ಮಾಡುತ್ತದೆಂಬುದು ಅವನ ಲೆಕ್ಕ. ಇಂದಿನ ಪಳಗಿದ ಸವಾರರ ಕ್ರಮ ಬೇರೆ: ಮೊದಲು ಹಲ್ಲಿನ ಪರೀಕ್ಷೆ, ಬಾಯಿಯ ಅಳತೆ, ಮೆದು ಕಡಿವಾಣ. ಬಿರುಸಿನದು ಕೊನೆಗೆ, ಅದೂ ಹಗುರವಾದ ಕೈಗೆ ಮಾತ್ರ.