ಸ್ಟೇರಿಂಗ್ ‘ಆಡುತ್ತಿದೆ’ ಎಂದರೆ ಅಸಡ್ಡೆ ಬೇಡ
ಪಿಕಪ್ ಮಾಲಕರು, ಚಾಲಕರು ತಿಳಿದಿರಬೇಕಾದ ಕೆಲವು ಸಂಗತಿಗಳು

ಸಂಘದ ವಾರ್ಷಿಕೋತ್ಸವವಿರಲಿ, ಯಕ್ಷಗಾನ ಪ್ರದರ್ಶನವಿರಲಿ, ಊರಿನವರ ಮದುವೆಯಿರಲಿ, ಸಭಾಗೃಹದ ಬಾಗಿಲಿಗೆ ಎಲ್ಲರಿಗಿಂತ ಮೊದಲು ಬಂದು ನಿಲ್ಲುವುದು ಒಂದು ಪಿಕಪ್ ಗಾಡಿ. ಅಡುಗೆಯ ದೊಡ್ಡ ಪಾತ್ರೆಗಳು, ಕುರ್ಚಿಗಳು, ರಂಗಸಜ್ಜಿಕೆಯ ಪೆಟ್ಟಿಗೆಗಳು ಅದರಲ್ಲೇ ಬರುತ್ತವೆ. ಮುಂಜಾನೆ ವಾಶಿಯ ಎಪಿಎಂಸಿ ಮಾರುಕಟ್ಟೆಯಿಂದ ಹೊಟೇಲುಗಳಿಗೆ ತರಕಾರಿ, ಕಾಯಿ, ಅಕ್ಕಿ ಮುಟ್ಟಿಸುವುದೂ ಇಂಥದೇ ಗಾಡಿ. ಹೊಟೇಲು ಮತ್ತು ಕ್ಯಾಟರಿಂಗ್ ಉದ್ಯಮದಲ್ಲಿ ಹೆಸರು ಮಾಡಿದ ಮುಂಬಯಿ ತುಳು-ಕನ್ನಡಿಗರ ಕರ್ಮಭೂಮಿಯ ಬದುಕಿಗೂ ಪಿಕಪ್‌ಗೂ ಬಿಡದ ನಂಟು.

ಆದರೆ ಗಾಡಿಯ ಆರೈಕೆಯ ಮಾತು ಬಂದಾಗ ಇಂಜಿನ್, ಬ್ಯಾಟರಿ, ಟಯರುಗಳಿಗೆ ಸಿಗುವ ಗಮನ ಸ್ಟೇರಿಂಗ್‌ಗೆ ಸಿಗುವುದಿಲ್ಲ. ಇಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ, ಆ ದಿನದ ಸಂಪಾದನೆ ಹೋಗುತ್ತದೆ. ಸ್ಟೇರಿಂಗ್ ಬಾಕ್ಸ್ ಸವೆದರೆ ಗಾಡಿ ಓಡುತ್ತಲೇ ಇರುತ್ತದೆ. ಅಪಾಯ ಇರುವುದೇ ಅಲ್ಲಿ. ‘ಸ್ಟೇರಿಂಗ್ ಸ್ವಲ್ಪ ಆಡ್ತಾ ಉಂಟು’ ಎಂದು ಚಾಲಕ ಹೇಳುವುದು, ‘ಇನ್ನೊಂದು ಟ್ರಿಪ್ ಆಗಲಿ, ಮತ್ತೆ ನೋಡುವ’ ಎಂದು ಮಾಲಕ ಮುಂದೂಡುವುದು ಈ ವ್ಯವಹಾರದಲ್ಲಿ ಹೊಸತಲ್ಲ.

ಬಾಕ್ಸ್ ಒಳಗೆ ಏನಿದೆ?

ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಇರುವುದು ರ‍್ಯಾಕ್ ಮತ್ತು ಪಿನಿಯನ್ ವ್ಯವಸ್ಥೆ. ಆದರೆ ಮುಂದೆ ಗಟ್ಟಿ ಆಕ್ಸಲ್, ಪ್ಲೇಟ್ ಸ್ಪ್ರಿಂಗ್ ಇರುವ ಭಾರದ ಗಾಡಿಗಳಲ್ಲಿ ಚಾಸಿಗೆ ಬೋಲ್ಟು ಮಾಡಿದ ಸ್ಟೇರಿಂಗ್ ಬಾಕ್ಸ್ ಇರುತ್ತದೆ. ಚಾಲಕ ಚಕ್ರ ತಿರುಗಿಸಿದಾಗ ಬಾಕ್ಸ್ ಒಳಗಿನ ವರ್ಮ್ ಶಾಫ್ಟ್ ತಿರುಗುತ್ತದೆ. ಅದರ ಸುರುಳಿ ಗಾಡಿಯಲ್ಲಿ ಸಾಲಾಗಿ ಉಕ್ಕಿನ ಗೋಲಿಗಳು ಉರುಳುತ್ತಾ ಒಂದು ನಟ್ಟನ್ನು ಮೇಲೆ ಕೆಳಗೆ ಸರಿಸುತ್ತವೆ. ಆ ನಟ್ಟಿನ ಹಲ್ಲುಗಳು ಸೆಕ್ಟರ್ ಶಾಫ್ಟನ್ನು ತಿರುಗಿಸುತ್ತವೆ. ಅದರ ತುದಿಯ ಡ್ರಾಪ್ ಆರ್ಮ್ ಡ್ರ್ಯಾಗ್ ಲಿಂಕನ್ನು ತಳ್ಳಿ ಎಳೆದಾಗ ಮುಂದಿನ ಗಾಲಿಗಳು ಹೊರಳುತ್ತವೆ.

ಗಾಡಿ ಹೆಚ್ಚು ಕಾಲ ಓಡುವುದು ನೇರ ರಸ್ತೆಯಲ್ಲಿ. ಹಾಗಾಗಿ ಹಲ್ಲುಗಳು ಹೆಚ್ಚು ಸವೆಯುವುದು ನಡುಭಾಗದಲ್ಲಿ. ಮಿತಿ ಮೀರಿದ ಭಾರ, ಮಳೆಗಾಲದ ಹೊಂಡಗಳು, ನಿಂತ ಗಾಡಿಯಲ್ಲೇ ಚಕ್ರವನ್ನು ಬಲವಂತವಾಗಿ ತಿರುಗಿಸುವ ಅಭ್ಯಾಸ, ಸೀಲು ಸೋರಿ ಎಣ್ಣೆ ಖಾಲಿಯಾಗುವುದು, ಇವೆಲ್ಲ ಸವೆತವನ್ನು ಬೇಗ ತರುತ್ತವೆ. ಇಕ್ಕಟ್ಟಾದ ಗಲ್ಲಿಗಳಲ್ಲಿ ಹಿಂದೆ ಮುಂದೆ ಮಾಡಿ ಮಾಲು ಇಳಿಸುವ ಮುಂಬಯಿಯ ಗಾಡಿಗಳಿಗೆ ಈ ಕಷ್ಟ ಇನ್ನೂ ಹೆಚ್ಚು.

ದೋಷ ಎಲ್ಲಿದೆ ಎಂದು ಮೊದಲು ನೋಡಿ

ಸ್ಟೇರಿಂಗ್ ಆಡುತ್ತಿದೆ ಎಂದ ಮಾತ್ರಕ್ಕೆ ಬಾಕ್ಸೇ ಹೋಗಿದೆ ಎನ್ನುವಂತಿಲ್ಲ. ಟೈ ರಾಡ್ ತುದಿ, ಡ್ರ್ಯಾಗ್ ಲಿಂಕ್, ಕಿಂಗ್ ಪಿನ್, ಗಾಲಿಯ ಬೇರಿಂಗ್ ಸವೆದರೂ ಇದೇ ಲಕ್ಷಣ. ದುಬಾರಿ ಬಾಕ್ಸ್ ಬದಲಿಸಿದ ಮೇಲೂ ಗಾಡಿ ಅಡ್ಡಾದಿಡ್ಡಿ ಹೋಗುವುದಾದರೆ ಕಾರಣ ಹೆಚ್ಚಾಗಿ ಇದೇ.

ಪರೀಕ್ಷೆಗೆ ಇಬ್ಬರು ಸಾಕು. ಗಾಡಿ ಸಮತಟ್ಟು ನೆಲದ ಮೇಲೆ, ಹ್ಯಾಂಡ್ ಬ್ರೇಕ್ ಹಾಕಿ, ಗಾಲಿಗಳಿಗೆ ಕಲ್ಲು ಕೊಟ್ಟು ನಿಂತಿರಬೇಕು. ಒಬ್ಬರು ಚಕ್ರವನ್ನು ಎಡಕ್ಕೆ ಬಲಕ್ಕೆ ಮೆಲ್ಲನೆ ಅಲುಗಾಡಿಸಬೇಕು, ಇನ್ನೊಬ್ಬರು ಮುಂಭಾಗದಿಂದ ಬಾಕ್ಸನ್ನು ನೋಡುತ್ತಿರಬೇಕು. ಬಾಕ್ಸ್ ಒಳಗೆ ಹೋಗುವ ಶಾಫ್ಟ್ ತಿರುಗಿದರೂ ಡ್ರಾಪ್ ಆರ್ಮ್ ಕದಲದಿದ್ದರೆ ದೋಷ ಬಾಕ್ಸಿನದು. ಡ್ರಾಪ್ ಆರ್ಮ್ ಕದಲಿ ಗಾಲಿ ಕದಲದಿದ್ದರೆ ದೋಷ ಮುಂದಿನ ಸಂದುಗಳದ್ದು. ಬಾಕ್ಸೇ ಇಡಿಯಾಗಿ ಅಲುಗಿದರೆ ಅದರ ಬೋಲ್ಟು ಸಡಿಲವಾಗಿದೆ ಅಥವಾ ಚಾಸಿ ಬಿರುಕು ಬಿಟ್ಟಿದೆ ಎಂದರ್ಥ. ಇದು ಎಲ್ಲಕ್ಕಿಂತ ಗಂಭೀರ, ಅಂಥ ಗಾಡಿಯನ್ನು ರಸ್ತೆಗಿಳಿಸಲೇಬಾರದು. ಪವರ್ ಸ್ಟೇರಿಂಗ್ ಇರುವ ಗಾಡಿಯಲ್ಲಿ ಇಂಜಿನ್ ಚಾಲೂ ಇಟ್ಟೇ ಈ ಪರೀಕ್ಷೆ ಮಾಡಬೇಕು. ಆಗ ಯಾರೂ ಗಾಡಿಯ ಅಡಿಗೆ ನುಗ್ಗಬಾರದು.

ಕಾನೂನು ಏನು ಹೇಳುತ್ತದೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮದ ಪ್ರಕಾರ ಸ್ಟೇರಿಂಗ್ ಚಕ್ರದ ಸಡಿಲ ಆಟ 30 ಡಿಗ್ರಿ ಮೀರಬಾರದು. 40 ಸೆಂ.ಮೀ. ವ್ಯಾಸದ ಚಕ್ರದಲ್ಲಿ ಇದು ಅಂಚಿನಲ್ಲಿ ಸುಮಾರು 10 ಸೆಂ.ಮೀ. ಆಗುತ್ತದೆ. ಬಾಲ್ ಜಾಯಿಂಟ್‌ಗಳಿಗೆ ರಬ್ಬರ್ ಟೋಪಿ ಇರಬೇಕು, ಬೋಲ್ಟು, ಪಿನ್ನುಗಳು ಕಳಚದಂತೆ ಲಾಕ್ ಆಗಿರಬೇಕು ಎಂದೂ ಅದೇ ನಿಯಮ ಹೇಳುತ್ತದೆ. ಆದರೆ 30 ಡಿಗ್ರಿ ಎಂಬುದು ಕಾನೂನಿನ ಕೊನೆಯ ಗೆರೆ. ಆಟ ದಿನದಿಂದ ದಿನಕ್ಕೆ ಹೆಚ್ಚುತ್ತಿದೆ ಎನಿಸಿದಾಗಲೇ ಗ್ಯಾರೇಜಿಗೆ ಹೋಗುವುದು ಜಾಣತನ. ಫಿಟ್‌ನೆಸ್ ದಿನಕ್ಕಾಗಿ ಕಾಯುವುದು ಸರಿಯಲ್ಲ.

ಸ್ಕ್ರೂ ಬಿಗಿ ಮಾಡಿದರೆ ಮುಗಿಯಿತೇ?

ಬಾಕ್ಸಿನ ಮುಚ್ಚಳದ ಮೇಲೆ ಲಾಕ್ ನಟ್ ಇರುವ ಒಂದು ಹೊಂದಾಣಿಕೆ ಸ್ಕ್ರೂ ಇರುತ್ತದೆ. ಇದನ್ನು ಬಿಗಿ ಮಾಡಿ ಆಟ ಕಡಿಮೆ ಮಾಡುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಸವೆತ ಅಲ್ಪವಾಗಿದ್ದರೆ ಇದು ಸರಿಯಾದ ದಾರಿಯೇ. ಆದರೆ ಗಾಲಿಗಳು ನೇರವಾಗಿರುವಾಗ ಮಾತ್ರ, ಸ್ವಲ್ಪ ಸ್ವಲ್ಪವೇ ತಿರುಗಿಸಿ ನೋಡಬೇಕು. ಹಲ್ಲುಗಳು ನಡುವಿನಲ್ಲಿ ಹೆಚ್ಚು ಸವೆದು, ಬದಿಗಳಲ್ಲಿ ಹಾಗೆಯೇ ಉಳಿದಿರುತ್ತವೆ. ನಡುವಿನ ಆಟ ಪೂರ್ತಿ ಹೋಗಲಿ ಎಂದು ಬಲವಾಗಿ ಬಿಗಿದರೆ ತಿರುವಿನಲ್ಲಿ ಹಲ್ಲುಗಳು ಕಚ್ಚಿಕೊಳ್ಳುತ್ತವೆ. ತಿರುಗಿಸಿದ ಚಕ್ರ ತಾನಾಗಿ ನೇರಕ್ಕೆ ಮರಳುವುದಿಲ್ಲ. ಊರಿಗೆ ಹೊರಟ ಗಾಡಿ ಖಂಬಾಟ್ಕಿಯಲ್ಲೋ ಅಂಬೋಲಿಯಲ್ಲೋ ಚಾರ್ಮಾಡಿಯಲ್ಲೋ ಘಾಟಿಯ ತಿರುವು ಹೊರಳಿದ ಮೇಲೆ ಚಕ್ರ ಮರಳದಿದ್ದರೆ ಏನಾದೀತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ವಲ್ಪ ಆಟ ಇರುವ ಸ್ಟೇರಿಂಗ್‌ಗಿಂತ ಬಿಗಿದು ಕಚ್ಚಿಕೊಂಡ ಸ್ಟೇರಿಂಗ್ ಹೆಚ್ಚು ಅಪಾಯಕಾರಿ.

ರಿಪೇರಿಯೋ, ಬದಲಾವಣೆಯೋ?

ಬಾಕ್ಸ್ ಬಿಚ್ಚಿ ತೊಳೆದ ಮೇಲೆಯೇ ಇದಕ್ಕೆ ಉತ್ತರ ಸಿಗುತ್ತದೆ. ಸೀಲು, ಬುಶ್, ಬೇರಿಂಗ್, ಗೋಲಿಗಳು ಮಾತ್ರ ಹಾಳಾಗಿದ್ದರೆ ಕಿಟ್ ಹಾಕಿ ಸರಿಪಡಿಸಬಹುದು. ವರ್ಮ್‌ನ ಗಾಡಿಯಲ್ಲಿ ಗುಳಿ ಬಿದ್ದಿದ್ದರೆ, ಸೆಕ್ಟರ್ ಹಲ್ಲುಗಳ ಮೇಲ್ಮೈ ಕಿತ್ತುಹೋಗಿದ್ದರೆ ಹೊಸ ಗೋಲಿ ಹಾಕಿ ಪ್ರಯೋಜನವಿಲ್ಲ, ಬಾಕ್ಸನ್ನೇ ಬದಲಿಸಬೇಕು. ಸವೆದ ಹಲ್ಲಿಗೆ ವೆಲ್ಡಿಂಗ್ ಮಾಡಿಸುವುದು ಪ್ರಾಣದೊಂದಿಗೆ ಆಡುವ ಆಟ.

ಕುರ್ಲಾದಂಥ ಕಡೆ ಹಳೆಯ ಬಾಕ್ಸ್ ಕಡಿಮೆ ದರಕ್ಕೆ ಸಿಗುತ್ತದೆ ಎಂಬುದು ನಿಜ. ಹೊರಗಿನಿಂದ ಒಂದೇ ರೀತಿ ಕಂಡರೂ ಒಳಗಿನ ಅನುಪಾತ ಬೇರೆ ಇರಬಹುದು. ಆದ್ದರಿಂದ ತಮ್ಮ ಗಾಡಿಯ ಪಾರ್ಟ್ ನಂಬರ್ ತಾಳೆ ನೋಡಿ, ಬಿಚ್ಚಿಸಿ ಪರೀಕ್ಷಿಸಿದ ಬಳಿಕವೇ ಕೊಳ್ಳಬೇಕು. ಅಪಘಾತಕ್ಕೀಡಾದ ಗಾಡಿಯ ಬಾಕ್ಸ್ ಬೇಡವೇ ಬೇಡ.

ಜೋಡಿಸುವಾಗಲೂ ಎಚ್ಚರ ಬೇಕು. ಡ್ರಾಪ್ ಆರ್ಮ್ ತೆಗೆಯುವ ಮುಂಚೆ ಶಾಫ್ಟಿಗೂ ಆರ್ಮಿಗೂ ಗುರುತು ಹಾಕಿಕೊಳ್ಳಬೇಕು. ಅದನ್ನು ಸುತ್ತಿಗೆಯಿಂದ ಬಡಿಯದೆ, ಗ್ಯಾಸಿನಿಂದ ಕಾಯಿಸದೆ ಪುಲ್ಲರ್‌ನಿಂದಲೇ ಎಳೆಯಬೇಕು. ಹೊಸ ಬಾಕ್ಸನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ ಸುತ್ತು ಎಣಿಸಿ, ಅರ್ಧಕ್ಕೆ ತಂದು ನಿಲ್ಲಿಸಿದರೆ ಅದೇ ನಡು. ಗಾಲಿಗಳು ನೇರವಾಗಿರುವಾಗ ಬಾಕ್ಸೂ ನಡುವಿನಲ್ಲಿರಬೇಕು. ನಟ್ಟುಗಳನ್ನು ಕಂಪೆನಿ ಹೇಳಿದ ಅಳತೆಗೆ ಟಾರ್ಕ್ ರೆಂಚ್‌ನಿಂದ ಬಿಗಿದು, ಲಾಕ್ ವಾಷರ್ ಹೊಸದನ್ನೇ ಹಾಕಬೇಕು. ಪವರ್ ಸ್ಟೇರಿಂಗ್ ಆದರೆ ಹಳೆ ಎಣ್ಣೆ ತೆಗೆದು, ಒಳಗಿನ ಗಾಳಿ ಬಿಡಿಸಬೇಕು. ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಖಾಲಿ ಗಾಡಿಯನ್ನು ನಿಧಾನವಾಗಿ ಓಡಿಸಿ ನೋಡಿದ ಬಳಿಕವೇ ಭಾರ ಹೇರಬೇಕು.

ಚಾಲಕನ ಮಾತಿಗೆ ಬೆಲೆ ಕೊಡಿ

ದಿನವಿಡೀ ಚಕ್ರ ಹಿಡಿಯುವವನ ಕೈಗೆ ಗಾಡಿಯ ರೋಗ ಮೊದಲು ತಿಳಿಯುತ್ತದೆ. ಊರಿನಿಂದ ಹೊಟ್ಟೆಪಾಡಿಗಾಗಿ ಬಂದ ಹುಡುಗ ಕೆಲಸ ಹೋದೀತೆಂಬ ಅಂಜಿಕೆಯಿಂದ ಎರಡನೆಯ ಸಲ ಹೇಳಲಾರ. ಅವನು ಮೊದಲ ಸಲ ಹೇಳಿದಾಗಲೇ ಮಾಲಕ ಕೇಳಿಸಿಕೊಳ್ಳಬೇಕು. ಒಂದು ದಿನದ ಬಾಡಿಗೆ ನಾಳೆ ದುಡಿಯಬಹುದು. ಹೋದ ಜೀವವನ್ನು ಮರಳಿ ತರಲಾಗದು.

ನಮ್ಮ ಸಂಘ-ಸಂಸ್ಥೆಗಳು ನೇತ್ರ ತಪಾಸಣೆ, ರಕ್ತದಾನ ಶಿಬಿರಗಳನ್ನು ವರ್ಷವೂ ನಡೆಸಿಕೊಂಡು ಬರುತ್ತಿವೆ. ಮಳೆಗಾಲಕ್ಕೆ ಮುನ್ನ ಒಂದು ಭಾನುವಾರ ಅನುಭವಿ ಮೆಕ್ಯಾನಿಕ್‌ಗಳನ್ನು ಕರೆಸಿ, ಸದಸ್ಯರ ಪಿಕಪ್, ಟೆಂಪೋಗಳ ಸ್ಟೇರಿಂಗ್ ಮತ್ತು ಬ್ರೇಕ್ ತಪಾಸಣೆಯನ್ನೂ ಇಟ್ಟುಕೊಂಡರೆ ಅದೂ ಸಮಾಜಸೇವೆಯೇ. ಸಮಾರಂಭದ ಊಟ ಮುಗಿದು ಎಲ್ಲರೂ ಮನೆ ಸೇರಿದ ಬಳಿಕ ಖಾಲಿ ಪಾತ್ರೆ ಹೊತ್ತು ಕೊನೆಗೆ ಹೊರಡುವ ಗಾಡಿಯೂ ಕ್ಷೇಮವಾಗಿ ಮನೆ ಸೇರಬೇಕಲ್ಲವೇ?