ಒಂದು ಇಂಚಿಗೆ ಒಂದು ಅಡಿ

ರಜೆಗೆಂದು ಚಿತ್ರದುರ್ಗಕ್ಕೆ ಬಂದ ತಂಗಿಯ ಮಗಳು ಚೀಲದಿಂದ ಮೊದಲು ತೆಗೆದದ್ದು ಅಳತೆಯ ಟೇಪು. ಸಿವಿಲ್ ಡಿಪ್ಲೊಮಾ ಓದುತ್ತಾಳೆ. ಯಾವುದಾದರೂ ಕಚೇರಿಗೆ ಗಾಲಿಕುರ್ಚಿಯಲ್ಲಿ ಕೂತೇ ಹೋಗಿ, ಎಲ್ಲೆಲ್ಲಿ ಸಿಕ್ಕಿಕೊಂಡೆ ಅಂತ ಬರೆದು ತರಲು ಮೇಷ್ಟ್ರು ಹೇಳಿದ್ದಾರಂತೆ. ಕುರ್ಚಿ ಬಾಡಿಗೆಗೆ ತಂದೆವು. ತಳ್ಳುವ ಕೆಲಸ ನನ್ನದು.

ಕಚೇರಿಯ ಹೆಸರು ಬೇಡ. ಮೂರು ಮೆಟ್ಟಿಲು, ಒಂದೊಂದೂ 6 ಇಂಚು. ಪಕ್ಕದಲ್ಲಿ ರ‍್ಯಾಂಪ್. ಅದರ ಬುಡದಲ್ಲಿ ಎರಡು ಬೈಕು. ನಿಯಮ 1:12, ಅಂದರೆ ಒಂದು ಇಂಚು ಏರಲು ಒಂದು ಅಡಿ ಉದ್ದ. ಇಲ್ಲಿಗೆ 18 ಅಡಿ ಬೇಕು. ಟೇಪು 5 ಅಡಿಗೇ ನಿಂತಿತು. ಬೈಕು ಸರಿಸಿ ತಳ್ಳಿದೆ. ಅರ್ಧ ದಾರಿಯಲ್ಲಿ ಮುಂದಿನ ಚಿಕ್ಕ ಗಾಲಿಗಳು ಮೇಲೆದ್ದು, ಕುರ್ಚಿಯ ಭಾರವೆಲ್ಲ ನನ್ನ ಮೇಲೆ ಬಂತು.

"ಮಾಮ, ಬಿಡಬೇಡ!"

ಇಳಿದ ಮೇಲೆ, "ಇದು ರ‍್ಯಾಂಪಲ್ಲ, ಜಾರುಬಂಡೆ" ಅಂದಳು.

ಎಂಜಿನಿಯರ್, ವಾಸ್ತುಶಿಲ್ಪಿಗಳ ಓದಿನಲ್ಲಿ ಅಂಗವೈಕಲ್ಯದ ಪಾಠ ಇರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ. ಸುಗಮ ಪ್ರವೇಶದ ಮಾನದಂಡಗಳು ಬರೀ ಸಲಹೆಯಾಗಿ ಉಳಿಯದೆ ಕಡ್ಡಾಯವಾಗಬೇಕೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೈಸೂರಿನಲ್ಲಿ ಅಂಗವಿಕಲರಿಗೆಂದೇ ಇರುವ ಜೆಎಸ್‌ಎಸ್ ಪಾಲಿಟೆಕ್ನಿಕ್‌ನಲ್ಲಿ ವಾಸ್ತುಶಿಲ್ಪದ ಡಿಪ್ಲೊಮಾವೂ ಇದೆ. ಮೆಟ್ಟಿಲಿನ ಕಷ್ಟ ಉಂಡವರೇ ಅಲ್ಲಿ ನಕ್ಷೆಗೆ ಸ್ಕೇಲು ಹಿಡಿಯಬಹುದು. ಉಳಿದ ಕಾಲೇಜುಗಳ ಮಕ್ಕಳಿಗೆ ಹೀಗೆ ಒಂದು ದಿನವಾದರೂ ಕುರ್ಚಿಯಲ್ಲಿ ಕೂರುವುದೇ ದಾರಿ. ಒಂದು ದಿನ ಕೂತು ಎದ್ದರೆ ಎಲ್ಲ ತಿಳಿದಂತಲ್ಲ ನಿಜ, ಆದರೆ 18 ಅಡಿಯ ಲೆಕ್ಕ ಇನ್ನು ಅವಳಿಗೆ ಮರೆಯುವುದಿಲ್ಲ.

ಕಚೇರಿಯ ಹಿಂದೆ ಏಳು ಸುತ್ತಿನ ಕೋಟೆ ಕಾಣುತ್ತಿತ್ತು. ಅಲ್ಲಿ ಬಾಗಿಲು ತಿರುಗಿಸಿ ತಿರುಗಿಸಿ ಕಟ್ಟಿದ್ದು ಶತ್ರುವನ್ನು ತಡೆಯಲು. ಈ ಕಚೇರಿಗೆ ಬರುವವರು ಪಿಂಚಣಿ ಕೇಳುವವರು.

ಗುಮಾಸ್ತರು ಒಳ್ಳೆಯವರೇ. "ನಮ್ಮಲ್ಲಿ ಏನೂ ತೊಂದ್ರೆ ಇಲ್ಲ ಕಣಮ್ಮ. ಅಂಥೋರು ಬಂದ್ರೆ ನಾನೇ ಕೆಳಗಿಳಿದು ಸಹಿ ಹಾಕಿಸ್ಕೊಂಡು ಹೋಗ್ತೀನಿ" ಅಂದರು. ಅವಳ ಪಟ್ಟಿಯಲ್ಲಿ ಇದಕ್ಕೆ ಕಾಲಂ ಇರಲಿಲ್ಲ. ಅಂಚಿನಲ್ಲಿ ಬರೆದುಕೊಂಡಳು.

ಸಂಜೆ ಕುರ್ಚಿ ಹಿಂತಿರುಗಿಸಲು ಹೋದೆವು. ಬಾಡಿಗೆ ಅಂಗಡಿಯ ಮುಂದೆಯೂ ಎರಡು ಮೆಟ್ಟಿಲು. ಮಡಚಿ, ಆಚೀಚೆ ಹಿಡಿದು ಎತ್ತಿಕೊಂಡು ಒಳಗಿಟ್ಟು ಬಂದೆವು.